ತೋಪು ಮೊದಲು, ಮ್ಯೂಸಿಯಂ ಆಮೇಲೆ: ಬೀದರ್ ಕೋಟೆಯನ್ನು ಸೈನಿಕನ ಕಣ್ಣಿನಿಂದ ನೋಡುವ ದಾರಿ

ಬೀದರ್ ಕೋಟೆಗೆ ಬರುವ ಹೆಚ್ಚಿನವರ ದಾರಿ ಒಂದೇ. ಗೇಟು ದಾಟಿ ಒಳಗೆ ಬರುತ್ತಾರೆ. ಸೋಲಾ ಖಂಬಾ ಮಸೀದಿ, ತರ್ಕಶ್ ಮಹಲ್, ಬೀಗ ತೆಗೆಸಲು ಸಾಧ್ಯವಾದರೆ ರಂಗೀನ್ ಮಹಲ್. ಲಾಲ್ ಬಾಗ್ ಹತ್ತಿರ ನಾಲ್ಕು ಫೋಟೊ, ಅಲ್ಲಿಂದ ವಾಪಸ್. ಹಳೇ ಶಾಹಿ ಹಮಾಮ್‌ನಲ್ಲಿ ಒಂದು ಪುಟ್ಟ ಮ್ಯೂಸಿಯಂ ಇದೆ, ಅದರೊಳಗೆ ತಲೆ ಹಾಕಿದರೆ ಹಾಕಿದರು, ಇಲ್ಲದಿದ್ದರೆ ಇಲ್ಲ. ಬುರುಜಿನ ಮೇಲೆ ಕೂತಿರುವ ತೋಪುಗಳ ಕಡೆ ಹೋಗುವವರಂತೂ ತೀರಾ ಕಡಿಮೆ.

ಈ ಲೇಖನ ಆ ಕಡೆ ಹೋಗಬೇಕು ಅನ್ನುವವರಿಗೆ. ಸೈನ್ಯದ ಹಳೆ ವಸ್ತುಗಳ ಮ್ಯೂಸಿಯಂ ಬೇರೆ ಊರುಗಳಲ್ಲೂ ಇವೆ. ಅಲ್ಲಿ ತೋಪನ್ನು ಎಲ್ಲಿಂದಲೋ ತಂದು, ಸಿಮೆಂಟ್ ಕಟ್ಟೆ ಕಟ್ಟಿ, ಬಣ್ಣ ಹೊಡೆದು ಇಟ್ಟಿರುತ್ತಾರೆ. ಅದು ಯಾವ ಗೋಡೆಯ ಮೇಲಿತ್ತು, ಯಾವ ಕಡೆ ಬಾಯಿ ಮಾಡಿತ್ತು, ಯಾಕೆ ಅಷ್ಟು ಉದ್ದ ಮಾಡಿದರು, ಒಂದೂ ಗೊತ್ತಾಗುವುದಿಲ್ಲ. ಬೀದರಿನಲ್ಲಿ ತೋಪು, ಗೋಡೆ, ಕಂದಕ, ಬಯಲು ಎಲ್ಲ ಇನ್ನೂ ಒಂದೇ ಕಡೆ ಇವೆ. ಹಾಗಾಗಿ ನಾನು ಹೇಳುವುದು ಇಷ್ಟೇ: ಮ್ಯೂಸಿಯಂ ಕೊನೆಗೆ ಇಟ್ಟುಕೊಳ್ಳಿ. ಮೊದಲು ಕಂದಕ, ಆಮೇಲೆ ಬಾಗಿಲು, ಆಮೇಲೆ ಬುರುಜು. ಮುತ್ತಿಗೆ ಹಾಕಲು ಬಂದವನಿಗೆ ಕೋಟೆ ಯಾವ ಕ್ರಮದಲ್ಲಿ ಎದುರಾಯಿತೋ ಅದೇ ಕ್ರಮದಲ್ಲಿ ನೀವೂ ನೋಡಿ. ಕೊನೆಗೆ ಗಾಜಿನ ಹಿಂದಿರುವ ಕತ್ತಿಯ ಮುಂದೆ ನಿಂತಾಗ ಅದನ್ನು ಹಿಡಿದವನು ಎಲ್ಲಿ ನಿಂತಿದ್ದ ಅನ್ನುವುದು ನಿಮಗೆ ಗೊತ್ತಿರುತ್ತದೆ.

ಹೊರಡುವ ಮುಂಚೆ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ನಿಂತ ಹೊಸತರಲ್ಲಿ ಕೋಟೆ ಹಸಿರಾಗಿ ಚೆಂದ ಕಾಣುತ್ತದೆ ನಿಜ, ಆದರೆ ಬುರುಜಿನ ದಾರಿಯಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. ಕಾಲಿಟ್ಟ ಜಾಗ ಕಾಣಿಸದಿದ್ದರೆ ಆ ಕಡೆ ಹೋಗಬೇಡಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಹತ್ತರ ಮೇಲೆ ಕಬ್ಬಿಣದ ತೋಪಿನ ಮೇಲೆ ಕೈ ಇಡಲೂ ಆಗುವುದಿಲ್ಲ.

ಕೇಂದ್ರ ಪುರಾತತ್ವ ಇಲಾಖೆಯ ಸೈಟ್ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಆ ದಿನ ಬಿಟ್ಟು ಹೊರಡಿ. ರಜೆ ಮತ್ತು ಸಮಯವನ್ನು ಹಿಂದಿನ ದಿನ ಒಮ್ಮೆ ವಿಚಾರಿಸಿಕೊಂಡರೆ ಇನ್ನೂ ಒಳ್ಳೆಯದು.

ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿಲೋಮೀಟರ್ ರೈಲು ದಾರಿ. ಎಷ್ಟೋ ವರ್ಷ ಕಾದ ಮೇಲೆ 2017ರ ಅಕ್ಟೋಬರ್‌ನಲ್ಲಿ ಈ ಮಾರ್ಗ ಪೂರ್ತಿ ಶುರುವಾಯಿತು. ರೈಲಿನ ಹೊತ್ತು ನಿಮಗೆ ಹೊಂದಿದರೆ ರೈಲೇ ಆರಾಮ. ಇಲ್ಲದಿದ್ದರೆ ಕಮಲಾಪುರ, ಹುಮನಾಬಾದ್ ಮೇಲೆ ಬಸ್ಸು ಇದೆ. ಸ್ವಂತ ಗಾಡಿಯಲ್ಲಿ ಹೋಗುವವರು ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕಂಡರೆ ಒಂದು ಡಜನ್ ತಗೊಳ್ಳಿ, ಬೇರೆ ಕಡೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಯಾದಗಿರಿ ಕಡೆಯವರು ರೈಲಿನಲ್ಲಿ ಕಲಬುರಗಿಗೆ ಬಂದು ಅಲ್ಲಿಂದ ಹೊರಡಬಹುದು. ಆದರೆ ಒಂದೇ ದಿನದಲ್ಲಿ ಹೋಗಿ ಬರುವುದು ಸುಸ್ತು. ಬೀದರಿನಲ್ಲಿ ಒಂದು ರಾತ್ರಿ ಉಳಿಯುವುದೇ ವಾಸಿ.

ಚೀಲದಲ್ಲಿ ಏನಿರಬೇಕು? ನೀರು ಎರಡು ಬಾಟಲಿ, ತಲೆಗೆ ಟೋಪಿ ಅಥವಾ ಟವೆಲ್, ಒಂದು ಟಾರ್ಚ್, ಒಂದು ಅಳತೆ ಟೇಪು, ನೋಟ್‌ಬುಕ್ಕು. ಟೇಪು ಯಾಕೆ ಅಂತ ಮುಂದೆ ಹೇಳುತ್ತೇನೆ. ಕಾಲಿಗೆ ಶೂ ಹಾಕಿಕೊಳ್ಳಿ, ಚಪ್ಪಲಿ ಬೇಡ. ಕೋಟೆಯೊಳಗೆ ಊಟ ಹುಡುಕಬೇಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಇಡೀ ದಿನಕ್ಕೆ ಸಾಕು. ಹಳೆ ಕಟ್ಟಡಗಳ ಒಳಗೆ ಮಾತ್ರ ತಿನ್ನಲು ಕೂರಬೇಡಿ, ಮರದ ನೆರಳು ಬೇಕಾದಷ್ಟಿದೆ.

ಊರಿನಿಂದಲೇ ಶುರು ಮಾಡಿ

ಆಟೋದವರು ನೇರ ಕೋಟೆ ಬಾಗಿಲಿಗೆ ಬಿಡುತ್ತೇನೆ ಅನ್ನುತ್ತಾರೆ. ಬೇಡ. ಚೌಬಾರಾದಲ್ಲಿ ಇಳಿದುಕೊಳ್ಳಿ. ಹಳೆ ಊರಿನ ನಡುವೆ ಇರುವ, ಸುಮಾರು 71 ಅಡಿ ಎತ್ತರದ ಈ ಗುಂಡು ಗೋಪುರ ಕಾವಲಿಗೆ ಕಟ್ಟಿದ್ದು. ಮೇಲೆ ನಿಂತವನಿಗೆ ಇಡೀ ಊರು, ಅದರಾಚೆಯ ಬಯಲು ಕಾಣುತ್ತಿತ್ತು. ಇಲ್ಲಿಂದ ಕೋಟೆಯ ಕಡೆ ನಡೆದರೆ ಅದೇ ರಸ್ತೆಯಲ್ಲಿ ಮಹಮೂದ್ ಗವಾನನ ಮದರಸಾ ಸಿಗುತ್ತದೆ.

ಮದರಸಾ 1472ರದ್ದು. ಇರಾನಿನ ಗಿಲಾನ್‌ನಿಂದ ಬಂದ ಗವಾನ್ ಬಹಮನಿ ರಾಜ್ಯದ ದೊಡ್ಡ ಮಂತ್ರಿ. ಓದು ಬರಹದವನು ಅಂತಲೇ ಅವನ ಹೆಸರು. ಆದರೆ ಮದರಸಾ ಕಟ್ಟಿಸಿದ ಅದೇ ಹೊತ್ತಿಗೆ ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಗೋಡೆಯ ಕೆಳಗೆ ಸುರಂಗ ತೋಡಿಸಿ, ಮದ್ದು ತುಂಬಿ ಸಿಡಿಸಿದವನೂ ಅವನೇ. ದಖ್ಖನ್ನಿನಲ್ಲಿ ಸಿಡಿಮದ್ದು ಬಳಸಿದ ಬಗ್ಗೆ ನಂಬಬಹುದಾದ ಹಳೆಯ ಉಲ್ಲೇಖಗಳಲ್ಲಿ ಇದೂ ಒಂದು. ಈಗ ಮದರಸಾದ ಮುಂದೆ ನಿಂತು ನೋಡಿ. ಒಂದು ಮಿನಾರು ಇದೆ, ಅದರ ಜೋಡಿ ಇಲ್ಲ. ಮುಂಭಾಗದ ಅರ್ಧ ಹೋಗಿದೆ. ಔರಂಗಜೇಬನ ಕಾಲದಲ್ಲಿ, 1696ರ ಸುಮಾರಿಗೆ ಆದ ಅನಾಹುತ ಅದು. ಸಿಡಿಲು ಬಡಿಯಿತು ಅನ್ನುವವರಿದ್ದಾರೆ, ಒಳಗೆ ಇಟ್ಟಿದ್ದ ಮದ್ದು ಸಿಡಿಯಿತು ಅನ್ನುವವರಿದ್ದಾರೆ. ಮದ್ದು ಅನ್ನುವುದು ಬರೀ ಶತ್ರುವಿಗೆ ಅಪಾಯ ಅಲ್ಲ. ಈ ಮಾತು ಕೋಟೆಯೊಳಗೆ ಮತ್ತೆ ಬರುತ್ತದೆ.

ಕಂದಕ: ಹತ್ತು ನಿಮಿಷ ಇಲ್ಲಿ ನಿಲ್ಲಿ

ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದವನು ಅಹ್ಮದ್ ಶಾಹ ವಲಿ. ಅದು 1420ರ ದಶಕ. ಈಗ ಕಾಣುವ ಕೋಟೆಯ ಮುಖ್ಯ ಕೆಲಸ 1432ರ ಹೊತ್ತಿಗೆ ಮುಗಿಯಿತು. ಜಾಗ ಆರಿಸಿದ್ದು ಸುಮ್ನೆ ಅಲ್ಲ. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ. ಉತ್ತರಕ್ಕೂ ಪೂರ್ವಕ್ಕೂ ನೆಲವೇ ಕಡಿದಾಗಿ ಇಳಿಯುತ್ತದೆ, ಅಲ್ಲಿ ಅರ್ಧ ಕಾವಲು ಭೂಮಿಯದ್ದೇ. ದಕ್ಷಿಣ ಮತ್ತು ನೈರುತ್ಯಕ್ಕೆ ಮಾತ್ರ ನೆಲ ಸಮ. ಊರು ಇರುವುದೂ ಆ ಕಡೆಯೇ, ಶತ್ರು ಬರಬಹುದಾದದ್ದೂ ಆ ಕಡೆಯಿಂದಲೇ. ಹಾಗಾಗಿ ಅಲ್ಲಿ ಬಂಡೆ ಕಡಿದು ಒಂದಲ್ಲ, ಮೂರು ಸಾಲು ಕಂದಕ ತೋಡಿದರು.

ಸೇತುವೆಯ ಮೇಲಿಂದ ಕೆಳಗೆ ನೋಡಿ. ಸಾಲುಗಳ ನಡುವೆ ಎದ್ದು ನಿಂತಿರುವ ಅಡ್ಡಗೋಡೆಗಳು ಕಟ್ಟಿದ್ದಲ್ಲ, ಸುತ್ತಲಿನ ಬಂಡೆ ಕಡಿದಾಗ ಬಿಟ್ಟುಕೊಂಡದ್ದು. ಒಂದೇ ಅಗಲ ಕಂದಕವಾದರೆ ಮಣ್ಣು, ಕಟ್ಟಿಗೆ ಹಾಕಿ ತುಂಬಿಸಿ ದಾಟಬಹುದು. ಮೂರಿದ್ದರೆ ಆ ಕೆಲಸ ಮೂರು ಸಲ. ಮೂರೂ ಸಲ ಮೇಲಿನಿಂದ ಗುಂಡು, ಬಾಣ ಬೀಳುತ್ತಲೇ ಇರುತ್ತವೆ. ಜಂಬಿಟ್ಟಿಗೆಯ ಇನ್ನೊಂದು ಗುಣವೂ ಇಲ್ಲಿ ಕೆಲಸಕ್ಕೆ ಬಂದಿದೆ. ನೆಲದಿಂದ ತೆಗೆಯುವಾಗ ಕಡಿಯಲು ಸುಲಭ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ತೋಡಿದ ಕಲ್ಲೇ ಗೋಡೆಗೂ ಆಗುತ್ತದೆ. ಒಂದೇ ಕೂಲಿಯಲ್ಲಿ ಎರಡು ಕೆಲಸ ಅಲ್ವಾ.

ಬಾಗಿಲುಗಳು, ಮತ್ತು ಹಿಜರಿ ವರ್ಷ ಓದುವ ಉಪಾಯ

ಊರ ಕಡೆಯಿಂದ ಒಳಗೆ ಹೋಗುವ ದಾರಿ ನೇರ ಇಲ್ಲ. ಒಂದರ ಹಿಂದೆ ಒಂದು ಬಾಗಿಲು, ನಡುವೆ ತಿರುವು, ಎರಡೂ ಕಡೆ ಎತ್ತರದ ಗೋಡೆ. ಮೊದಲ ಬಾಗಿಲು ಒಡೆದು ನುಗ್ಗಿದವನು ಬಯಲಿಗೆ ಬರುವುದಿಲ್ಲ, ಇನ್ನೊಂದು ಪೆಟ್ಟಿಗೆಯೊಳಗೆ ಬೀಳುತ್ತಾನೆ. ತಿರುವು ಇರುವ ಕಾರಣಕ್ಕೆ ಆನೆಗೆ ಓಡಿ ಬಂದು ಗುದ್ದುವಷ್ಟು ಜಾಗವೂ ಸಿಗುವುದಿಲ್ಲ. ಅಲ್ಲಿ ನಡುವೆ ನಿಂತು ಒಮ್ಮೆ ತಲೆ ಎತ್ತಿ ಸುತ್ತ ನೋಡಿ. ಎಷ್ಟು ಕಿಂಡಿಗಳು ನಿಮ್ಮನ್ನೇ ನೋಡುತ್ತಿವೆ ಅಂತ ಎಣಿಸಿ. ಮಕ್ಕಳು ಜೊತೆಗಿದ್ದರೆ ಈ ಎಣಿಕೆ ಅವರಿಗೇ ಬಿಡಿ.

ಹುಲಿ ಕೆತ್ತಿರುವ ಬಾಗಿಲು ಶರ್ಜಾ ದರ್ವಾಜಾ. ಅದರ ಶಾಸನದ ವರ್ಷ ಹಿಜರಿ 909. ಇಂಥ ವರ್ಷ ಕಂಡಾಗ ಮೊಬೈಲ್ ಹುಡುಕಬೇಕಾಗಿಲ್ಲ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ, 622 ಕೂಡಿಸಿ. 909ಕ್ಕೆ ಗುಣಿಸಿದರೆ 881 ಚಿಲ್ಲರೆ, ಕೂಡಿಸಿದರೆ 1503. ಬಹಮನಿ ಮಹಮೂದ್ ಶಾಹನ ಕಾಲ, ಸರಿಯಾಗಿ ಹೊಂದುತ್ತದೆ. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು, ಅದಕ್ಕೇ ಈ 0.97. ಒಂದು ವರ್ಷ ಆಚೆ ಈಚೆ ಆಗಬಹುದು, ಅಷ್ಟೇ.

ಅಂಕಿ ಗುರುತಿಸುವುದನ್ನು ಮನೆಯಲ್ಲೇ ಕಲಿತು ಹೋಗಿ, ಹತ್ತು ನಿಮಿಷದ ಕೆಲಸ. ಸೊನ್ನೆ ಬರೀ ಒಂದು ಚುಕ್ಕೆ. ಒಂದು ಅಂದರೆ ನಿಂತ ಗೆರೆ. ಐದು ಒಂದು ಸುತ್ತು. ಏಳು ಮೇಲಕ್ಕೆ ಬಾಯಿ ತೆರೆದ ಮೂಲೆ, ಎಂಟು ಅದನ್ನೇ ತಲೆಕೆಳಗು ಮಾಡಿದ್ದು. ಒಂಬತ್ತು ಇಂಗ್ಲಿಷಿನ ಒಂಬತ್ತಿನ ಹಾಗೇ ಇರುತ್ತದೆ. ಅಕ್ಷರ ಬಲದಿಂದ ಎಡಕ್ಕೆ ಓದಿದರೂ ಅಂಕಿಗಳನ್ನು ನಮ್ಮ ಹಾಗೇ ಎಡದಿಂದ ಬಲಕ್ಕೆ ಓದಬೇಕು. ಉರ್ದು ಓದಲು ಬರುವ ಗೆಳೆಯರು ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಎಲ್ಲರಿಗೂ ಒಬ್ಬರಾದರೂ ಇರುತ್ತಾರೆ. ಅಂಥವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದಕ್ಕಿಂತ ಒಳ್ಳೆಯ ಗೈಡ್ ಇಲ್ಲ. ಶಾಸನಗಳು ಹೆಚ್ಚಾಗಿ ಪಾರ್ಸಿಯಲ್ಲಿರುವುದರಿಂದ ಅವರಿಗೂ ಎಲ್ಲ ಅರ್ಥವಾಗದೇ ಇರಬಹುದು. ಹೆಸರು, ವರ್ಷ ಸಿಕ್ಕರೂ ಸಾಕು.

ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ನೇರ ಹಿಡಿಯಬೇಡಿ. ಕಲ್ಲಿಗೆ ಒತ್ತಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಕೆತ್ತಿದ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು, ಇದ್ದಿಲು ಬಳಿಯುವುದು, ಯಾವುದೂ ಬೇಡ. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಕಾನೂನಿನಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಕಾನೂನು ಪಕ್ಕಕ್ಕಿಡಿ, ಐದುನೂರು ವರ್ಷ ಉಳಿದ ಅಕ್ಷರದ ಮೇಲೆ ನಮ್ಮ ಕೈಚಳಕ ಯಾಕೆ?

ಬುರುಜಿನ ಮೇಲೆ

ಇಲ್ಲಿಗೆ ದಿನದ ಅರ್ಧ ಹೊತ್ತು ಇಟ್ಟುಕೊಳ್ಳಿ. ಕೋಟೆ ಗೋಡೆಯ ಉದ್ದಕ್ಕೆ 37 ಬುರುಜುಗಳಿವೆ ಅಂತ ಲೆಕ್ಕ. ಎಲ್ಲ ಹತ್ತಬೇಕಾಗಿಲ್ಲ, ಹತ್ತಲು ಆಗುವುದೂ ಇಲ್ಲ. ದೊಡ್ಡದು ಮುಂಡಾ ಬುರುಜು. ಅದು ಅಥವಾ ಮೆಟ್ಟಿಲು ಗಟ್ಟಿಯಾಗಿರುವ ಇನ್ನೆರಡು ಆರಿಸಿಕೊಳ್ಳಿ. ಯಾವುದಕ್ಕೆ ಹತ್ತಬಹುದು ಅಂತ ಅಲ್ಲಿಯ ಕಾವಲಿನವರನ್ನು ಕೇಳಿ. "ಅಣ್ಣಾ, ತೋಪು ನೋಡಬೇಕಿತ್ತು, ಯಾವ ಕಡೆ ದಾರಿ ಸರಿ ಇದೆ?" ಅಂದರೆ ಸಂತೋಷದಿಂದ ತೋರಿಸುತ್ತಾರೆ. ರಂಗೀನ್ ಮಹಲ್ ಬಿಟ್ಟು ತೋಪು ಕೇಳುವವರು ಅವರಿಗೂ ಅಪರೂಪ. ಬೇಡ ಅಂದರೆ ವಾದ ಮಾಡಬೇಡಿ. ಬುರುಜಿನ ತುದಿಗೆ ಕಟಕಟೆ ಇರುವುದಿಲ್ಲ, ಕೋಟೆಯೊಳಗೆ ಹಳೆ ಬಾವಿಗಳೂ ಇವೆ. ಮಕ್ಕಳ ಕೈ ಬಿಡಬಾರದ ಜಾಗ ಇದು.

ತೋಪಿನ ಮುಂದೆ ನಿಂತ ಮೇಲೆ ಮೊದಲು ಅದು ಹೇಗೆ ಮಾಡಿದ್ದು ಅಂತ ನೋಡಿ. ದಖ್ಖನ್ನಿನ ದೊಡ್ಡ ತೋಪುಗಳಲ್ಲಿ ಎರಡು ಜಾತಿ. ಒಂದು, ಅಚ್ಚಿನಲ್ಲಿ ಎರಕ ಹೊಯ್ದದ್ದು. ವಿಜಯಪುರದ ಮಲಿಕ್ ಎ ಮೈದಾನ್ ಆ ಜಾತಿ, 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕವಾಗಿ ಆಮೇಲೆ ವಿಜಯಪುರಕ್ಕೆ ಬಂದದ್ದು, ತೂಕ ಸುಮಾರು 55 ಟನ್. ಅದರ ಮೈ ನುಣುಪು. ಇನ್ನೊಂದು ಜಾತಿ ಬಡಿದು ಮಾಡಿದ್ದು. ಕಬ್ಬಿಣದ ಉದ್ದ ಪಟ್ಟಿಗಳನ್ನು ಕೊಳವೆಯಂತೆ ಸುತ್ತಲೂ ಜೋಡಿಸಿ, ಮೇಲೆ ಕೆಂಪಗೆ ಕಾಯಿಸಿದ ಬಳೆಗಳನ್ನು ಒಂದೊಂದಾಗಿ ಏರಿಸುತ್ತಾರೆ. ಎತ್ತಿನಗಾಡಿಯ ಗಾಲಿಗೆ ಕಮ್ಮಾರ ಪಟ್ಟಾ ಏರಿಸುವ ಹಾಗೆಯೇ. ಆರಿದಾಗ ಬಳೆ ಕುಗ್ಗಿ ಒಳಗಿನ ಪಟ್ಟಿಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಬೀದರಿನ ಬುರುಜುಗಳ ಮೇಲೆ ಈ ಬಳೆ ತೋಪುಗಳಿವೆ. ಬೆರಳಿಟ್ಟು ಸವರಿದರೆ ಸಾಲು ಸಾಲು ಬಳೆ ಸಿಗುತ್ತದೆ. ಬಾಯಿಯೊಳಗೆ ಟಾರ್ಚ್ ಬಿಟ್ಟರೆ ಉದ್ದ ಪಟ್ಟಿಗಳ ಸಂದು ಕೂಡ ಕೆಲವದರಲ್ಲಿ ಕಾಣಬಹುದು.

ಬಳೆ ಯಾಕೆ ಅಷ್ಟು ಮುಖ್ಯ? ಒಳಗೆ ಮದ್ದು ಉರಿದಾಗ ಹುಟ್ಟುವ ಒತ್ತಡ ಕೊಳವೆಯನ್ನು ಪಕ್ಕಕ್ಕೆ ಸೀಳಲು ನೋಡುತ್ತದೆ. ಉದ್ದ ಪಟ್ಟಿಗಳು ಅದನ್ನು ತಡೆಯಲಾರವು, ಬಳೆಗಳೇ ತಡೆಯಬೇಕು. ಒತ್ತಡ ಅತಿ ಜಾಸ್ತಿ ಹಿಂಭಾಗದಲ್ಲಿ, ಅಂದರೆ ಮದ್ದು ತುಂಬುವ ಕಡೆ. ಅದಕ್ಕೇ ತೋಪು ಹಿಂದೆ ದಪ್ಪ. ಹಿಂಭಾಗದ ಮೇಲೆ ಒಂದು ಸಣ್ಣ ತೂತು ಹುಡುಕಿ. ಬತ್ತಿಯಿಂದ ಕಿಡಿ ಮುಟ್ಟಿಸುತ್ತಿದ್ದದ್ದು ಅಲ್ಲಿ. ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಈಗ ಪುಸ್ತಕಗಳಲ್ಲಿ ಕೊಡುವ ಅಳತೆ ನೂರು ಪಾಲಿಗೆ 75, 15, 10. ಹಳೆ ಕಾಲದಲ್ಲಿ ಊರಿಗೊಂದು, ಉಸ್ತಾದನಿಗೊಂದು ಪಾಕ.

ಈಗ ಟೇಪು ತೆಗೆಯಿರಿ. ಬಾಯಿಯ ಒಳ ಅಗಲ ಅಳೆಯಿರಿ. 20 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅಷ್ಟು ಅಗಲದ ಕಲ್ಲುಗುಂಡು ಸುಮಾರು 11 ಕಿಲೋ ತೂಗುತ್ತದೆ, ಅದೇ ಅಳತೆಯ ಕಬ್ಬಿಣದ ಗುಂಡು ಸುಮಾರು 30 ಕಿಲೋ. ಅಗಲ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. 40 ಸೆಂಟಿಮೀಟರಿನ ಕಲ್ಲುಗುಂಡು ಅಂದರೆ 90 ಕಿಲೋ! ಅದನ್ನು ಎತ್ತಿ ಬಾಯಿಗೆ ಇಡಲು ಎಷ್ಟು ಜನ ಬೇಕು, ಒಂದು ಸಲ ಹಾರಿಸಿದ ಮೇಲೆ ಒಳಗೆ ಒರೆಸಿ, ಆರಿಸಿ, ಮತ್ತೆ ತುಂಬಲು ಎಷ್ಟು ಹೊತ್ತು, ಎಲ್ಲ ಲೆಕ್ಕ ನೀವೇ ಹಾಕಬಹುದು. ಸಿನಿಮಾದಲ್ಲಿ ತೋರಿಸುವ ಢಮ್ ಢಮ್ ಢಮ್ ಎಲ್ಲ ಸುಳ್ಳು. ಇಂಥ ದೊಡ್ಡ ತೋಪು ದಿನಕ್ಕೆ ಬೆರಳೆಣಿಕೆಯಷ್ಟು ಸಲ ಹಾರಿದರೆ ಅದೇ ದೊಡ್ಡದು.

ಆಮೇಲೆ ತೋಪು ಕೂತಿರುವ ರೀತಿ. ಸಾಮಾನ್ಯ ಓಡಾಟಗಾರ ಬಿಟ್ಟು ಹೋಗುವುದು ಇದನ್ನೇ, ನನಗಂತೂ ಇಡೀ ಕೋಟೆಯಲ್ಲಿ ಇಷ್ಟವಾಗುವುದೂ ಇದೇ. ಹದಿನಾರನೇ ಶತಮಾನದಲ್ಲಿ ದಖ್ಖನ್ನಿನವರು ತೋಪನ್ನು ಗೋಡೆಯ ಕಿಂಡಿಯಲ್ಲಿ ತುರುಕುವುದನ್ನು ಬಿಟ್ಟು, ಎತ್ತರದ ಬುರುಜು ಕಟ್ಟಿ ನಡುವೆ ತಿರುಗುಗೂಟದ ಮೇಲೆ ಇಟ್ಟರು. ತೋಪಿನ ಎರಡು ಪಕ್ಕಕ್ಕೆ ಚಾಚಿದ ತೋಳುಗಳು ಒಂದು ಕವೆಯ ಮೇಲೆ ಕೂರುತ್ತವೆ, ಕವೆ ಗೂಟದ ಮೇಲೆ ತಿರುಗುತ್ತದೆ. ಹಾಗಾಗಿ ಬಾಯನ್ನು ಮೇಲೆ ಕೆಳಗೆ ಆಡಿಸಬಹುದು, ಸುತ್ತಲೂ ತಿರುಗಿಸಬಹುದು. ಒಂದೇ ತೋಪು ಇಡೀ ದಿಕ್ಕನ್ನು ಕಾಯುತ್ತದೆ. ಹಾರಿದಾಗ ತೋಪು ಹಿಂದಕ್ಕೆ ಒದೆಯುತ್ತದಲ್ಲ, ಅದಕ್ಕೆ ಹಿಂದೆ ಕಮಾನಿನಂತೆ ಬಾಗಿದ ಗಟ್ಟಿ ಗೋಡೆ ಕಟ್ಟುತ್ತಿದ್ದರು. ಬುರುಜಿನ ಮೇಲೆ ನಡುವೆ ಗೂಟದ ಗುಳಿ, ಹಿಂದೆ ಬಾಗಿದ ಗೋಡೆಯ ಗುರುತು ಇದೆಯಾ ನೋಡಿ. ತೋಪೇ ಇಲ್ಲದ ಬುರುಜಿನಲ್ಲೂ ಈ ಗುಳಿ ಸಿಕ್ಕರೆ ಅಲ್ಲೊಂದು ತೋಪು ಇತ್ತು ಅಂತ ಅರ್ಥ.

ಕೊನೆಗೆ ತೋಪಿನ ಹಿಂದೆ ಕೂತು, ಅದರ ಮೈ ಮೇಲಿಂದ ಬಾಯಿಯ ಕಡೆ ನೋಡಿ. ಏನು ಕಾಣುತ್ತದೆ? ರಸ್ತೆಯಾ, ಬಾಗಿಲಾ, ಇಳಿಜಾರಾ? ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಉದ್ದ, ಬಾಯಿ ಅಗಲ, ಎರಕವೋ ಬಳೆಯೋ, ಏನನ್ನು ಕಾಯುತ್ತಿದೆ. ಬರಹ ಇದ್ದರೆ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಇಲ್ಲಿಯ ದೊಡ್ಡ ತೋಪುಗಳು ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿಗಳ ಕಾಲದವು, ಫತೇ ಲಷ್ಕರ್, ಹೈದರಿ, ಮಹಮೂದ್ ಶಾಹಿ ಅಂತೆಲ್ಲ ಹೆಸರು ಇಟ್ಟಿದ್ದರು. ಗುಂಡೆಷ್ಟು, ಮದ್ದೆಷ್ಟು ಅಂತ ತೋಪಿನ ಮೇಲೇ ಕೆತ್ತಿಸುವ ರೂಢಿಯೂ ದಖ್ಖನ್ನಿನಲ್ಲಿತ್ತು. ತೋಪು ಹಾರಿಸಲು ಹೊಸದಾಗಿ ಬಂದ ಗೋಲಂದಾಜನಿಗೆ ಅದೇ ಪಾಠ.

ಒಂದು ಮಾತು. ತೋಪಿನ ಮೇಲೆ ಕುದುರೆ ಸವಾರಿ ಮಾಡಿದ ಹಾಗೆ ಕೂತು ಫೋಟೊ ತೆಗೆಸುವವರು ಎಲ್ಲ ಕಡೆ ಇರುತ್ತಾರೆ. ದಯವಿಟ್ಟು ಬೇಡ. ಬಳೆಗಳ ಸಂದಿಗೆ ನೀರು ಹೊಕ್ಕು ತುಕ್ಕು ಹಿಡಿಯುತ್ತಿರುವ ಕಬ್ಬಿಣ ಅದು.

ಸಿದ್ದಿ ಮರ್ಜಾನನ ಬುರುಜು

ಬುರುಜಿನ ಮೇಲೆ ನೆರಳು ಹುಡುಕಿ ಕೂತಾಗ ಈ ಕಥೆ ಹೇಳಿಕೊಳ್ಳಿ. ಬರೀದ್ ಶಾಹಿಗಳಿಂದ ಬೀದರ್ 1619ರಲ್ಲಿ ವಿಜಯಪುರದ ಆದಿಲ್ ಶಾಹಿಗಳ ಕೈಗೆ ಹೋಯಿತು. ಅವರ ಪರವಾಗಿ ಕೋಟೆ ಕಾಯುತ್ತಿದ್ದವನು ಆಫ್ರಿಕಾದ ಹಬಶಿ ಮೂಲದ ಸಿದ್ದಿ ಮರ್ಜಾನ್. 1657ರಲ್ಲಿ ಔರಂಗಜೇಬ್ ಮುತ್ತಿಗೆ ಹಾಕಿದ. ಆಗ ಅವನಿನ್ನೂ ಬಾದಶಹ ಅಲ್ಲ, ತಂದೆ ಶಾಹಜಹಾನನ ಕೈಕೆಳಗೆ ದಖ್ಖನ್ನಿನ ಸುಬೇದಾರ. ಮೊಘಲ್ ಸೇನಾಪತಿ ಮೀರ್ ಜುಮ್ಲಾ ಜೊತೆಗಿದ್ದ. ಕಂದಕ ತುಂಬಿಸುತ್ತಾ, ತೋಪುಗಳನ್ನು ಅಂಚಿಗೆ ತಂದು ಬುರುಜುಗಳನ್ನು ಒಡೆಯುತ್ತಾ ಬಂದರು. ಕೊನೆಗೆ ನುಗ್ಗುವ ದಿನ ಮೊಘಲರ ಒಂದು ಅಗ್ನಿಬಾಣ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿನ ಮೇಲೆ ಬಿತ್ತು. ಅಲ್ಲೇ ನಿಂತು ಹೋರಾಡುತ್ತಿದ್ದ ಮರ್ಜಾನನಿಗೂ ಅವನ ಮಕ್ಕಳಿಗೂ ಸುಟ್ಟ ಗಾಯಗಳಾದವು. ಆ ಗಾಯದಿಂದಲೇ ಅವನು ಸತ್ತ. 27 ದಿನದ ಮುತ್ತಿಗೆ ಮುಗಿಯಿತು. ಮೊಘಲರಿಗೆ ಸಿಕ್ಕ ತೋಪುಗಳ ಲೆಕ್ಕ 230. ಊರಿಗೆ ಜಫರಾಬಾದ್ ಅಂತ ಹೆಸರಿಟ್ಟರು.

ಮೂರು ಕಂದಕ, ಇಷ್ಟು ತೋಪು ಇದ್ದೂ ಕೋಟೆ ಬಿದ್ದದ್ದಕ್ಕೆ ತನ್ನದೇ ಮದ್ದು ನೆಪವಾಯಿತು. ಹಾಗಾಗಿ ಬುರುಜಿನಿಂದ ಇಳಿಯುವಾಗ ಮದ್ದು ಇಡುತ್ತಿದ್ದ ಕೋಣೆಗಳು ಎಲ್ಲಿರಬಹುದು ಅಂತ ಕಣ್ಣಾಡಿಸಿ. ದಪ್ಪ ಗೋಡೆ, ಸಣ್ಣ ಬಾಗಿಲು, ಕಿಟಕಿ ಇಲ್ಲದ ಜಾಗ ಅದರ ಲಕ್ಷಣ.

ಈಗ ಮ್ಯೂಸಿಯಂ

ಮಧ್ಯಾಹ್ನದ ಬಿಸಿಲಿಗೆ ಹಮಾಮ್ ಸರಿಯಾದ ಜಾಗ. ಗೋಡೆ ದಪ್ಪ, ಒಳಗೆ ತಂಪು. ಇದು ಅರಮನೆಯವರ ಸ್ನಾನದ ಮನೆ ಆಗಿತ್ತು, ಲಾಲ್ ಬಾಗ್ ಪಕ್ಕದಲ್ಲೇ ಇದೆ. ಕಟ್ಟಡವನ್ನೂ ಒಂದು ವಸ್ತು ಅಂತಲೇ ನೋಡಿ. ಒಳಗೆ ಹಳೆ ಶಿಲ್ಪಗಳೂ ಆಯುಧಗಳೂ ಇವೆ. ದೊಡ್ಡ ಸಂಗ್ರಹ ಏನಲ್ಲ. ಸುಮ್ನೆ ಸುತ್ತಿದರೆ ಹದಿನೈದು ನಿಮಿಷಕ್ಕೆ ಮುಗಿದುಹೋಗುತ್ತದೆ. ಚಿಕ್ಕ ಮ್ಯೂಸಿಯಂನಲ್ಲಿ ಎಲ್ಲವನ್ನೂ ನೋಡುವ ಆಸೆ ಬಿಟ್ಟು ಮೂರು ವಸ್ತು ಆರಿಸಿ, ಅವುಗಳ ಮುಂದೆ ಮಾತ್ರ ನಿಂತರೆ ಜಾಸ್ತಿ ಸಿಗುತ್ತದೆ.

ಕತ್ತಿ ಇದ್ದರೆ ಅಲಗಿಗಿಂತ ಮೊದಲು ಹಿಡಿ ನೋಡಿ. ಹಿಡಿ ಎಷ್ಟು ಚಿಕ್ಕದು ಅನ್ನಿಸುತ್ತದೆ ಅಲ್ವಾ? ತಲ್ವಾರಿನ ಹಿಡಿಯ ತುದಿಯಲ್ಲಿರುವ ತಟ್ಟೆ ಮಣಿಕಟ್ಟಿಗೆ ತಾಗಿ ಕೈಯನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹಾಗಾಗಿ ಚುಚ್ಚುವುದಕ್ಕಿಂತ ಎಳೆದು ಕೊಯ್ಯುವುದಕ್ಕೆ ಅದು ಸರಿ. ಅಲಗು ನೇರವಾಗಿದ್ದರೆ ಬೇರೆ ಜಾತಿ. ದಖ್ಖನ್ನಿನಲ್ಲಿ ಯುರೋಪಿನಿಂದ ಹಡಗಿನಲ್ಲಿ ಬಂದ ನೇರ ಅಲಗಿಗೆ ಇಲ್ಲಿಯ ಹಿಡಿ ಹಾಕಿ ಫಿರಂಗಿ ಅಂತ ಕರೆಯುತ್ತಿದ್ದರು. ಬಂದೂಕು ಇದ್ದರೆ ಅದರ ಕುದುರೆಯ, ಅಂದರೆ ಟ್ರಿಗರಿನ ಹತ್ತಿರ ನೋಡಿ. ಬತ್ತಿ ಸಿಕ್ಕಿಸುವ ಬಾಗಿದ ಕೊಕ್ಕೆ ಇದ್ದರೆ ಅದು ಹಳೆಯ ಬತ್ತಿ ಕೋವಿ. ಮಳೆ ಬಂದರೆ ಬತ್ತಿ ಆರುತ್ತದೆ, ರಾತ್ರಿಯಾದರೆ ಬತ್ತಿಯ ಕೆಂಡ ದೂರದಿಂದ ಕಾಣುತ್ತದೆ. ಬೆಳಿಗ್ಗೆ ನೀವು ಎಣಿಸಿದ ಬಾಗಿಲಿನ ಕಿಂಡಿಗಳ ಹಿಂದೆ ಇಂಥದ್ದನ್ನು ಹಿಡಿದವನು ನಿಂತಿದ್ದ.

ಗುಂಡುಗಳು ಕಂಡರೆ ಟೇಪಿನ ಅಳತೆ ನೆನಪಿಸಿಕೊಳ್ಳಿ. ನೋಟ್‌ಬುಕ್ಕಿನಲ್ಲಿರುವ ಯಾವ ಬಾಯಿಗೆ ಅದು ಹೊಂದಬಹುದು? ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

ರಂಗೀನ್ ಮಹಲ್ ಬಿಡಬೇಡಿ, ಬೀಗದ ಕೈ ಬಗ್ಗೆ ಸಿಬ್ಬಂದಿಯನ್ನೇ ಕೇಳಿ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಆ ಕೆಲಸ ಅಲಿ ಬರೀದನ ಕಾಲದ್ದು, 1542ರಿಂದ 1580. 1565ರ ತಾಳಿಕೋಟೆ ಯುದ್ಧಕ್ಕೆ ಹೋದ ಸುಲ್ತಾನರಲ್ಲಿ ಒಬ್ಬ ಅವನು.

ಮೇಲೆ ವಿಮಾನ ಹಾರಿದರೆ

ಬುರುಜಿನ ಮೇಲಿದ್ದಾಗ ತಲೆಯ ಮೇಲೆ ಜೆಟ್ ಸದ್ದು ಕೇಳಬಹುದು. ಬೀದರ್ ವಾಯುಪಡೆಯ ತರಬೇತಿ ನೆಲೆ, ಹಾಕ್ ವಿಮಾನಗಳು ಇಲ್ಲಿಂದ ಹಾರುತ್ತವೆ. ಆಕಾಶದಲ್ಲಿ ವಿಮಾನ ಕಸರತ್ತು ತೋರಿಸುವ, 1996ರಲ್ಲಿ ಹುಟ್ಟಿದ ಸೂರ್ಯಕಿರಣ್ ತಂಡದ ಮನೆಯೂ ಇದೇ. ನೆಲೆಯೊಳಗೆ ಪ್ರವಾಸಿಗರಿಗೆ ಪ್ರವೇಶ ಇಲ್ಲ, ಅದರ ಗೇಟು, ಬೇಲಿಯ ಫೋಟೊ ತೆಗೆಯಬೇಡಿ. ಇದೇ ಕಾರಣಕ್ಕೆ ಡ್ರೋನ್ ಅನ್ನುವ ಮಾತೇ ಎತ್ತಬೇಡಿ. ಕೋಟೆಯಲ್ಲಿ ಮೊಬೈಲ್ ಫೋಟೊಗೆ ತೊಂದರೆ ಇಲ್ಲ, ಟ್ರೈಪಾಡ್ ಇಟ್ಟು ತೆಗೆಯಲು ಇಲಾಖೆಯ ಅನುಮತಿ ಬೇಕು.

ಪಕ್ಕಾ ರೆಜಿಮೆಂಟ್ ಮ್ಯೂಸಿಯಂ ಬೇಕು ಅನ್ನುವವರಿಗೆ

ತೋಪಿನ ಕಾಲ ಮುಗಿದ ಮೇಲೆ ನಮ್ಮ ಭಾಗದ ಪಡೆಗಳ ಕಥೆ ಏನಾಯಿತು? ನಿಜಾಮರ ರಾಜ್ಯದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಬೆಳೆದ ಹೈದರಾಬಾದ್ ಕಂಟಿಂಜೆಂಟ್‌ನ ಕಾಲಾಳು ಪಡೆ 1922ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಆಯಿತು. 1945ರಲ್ಲಿ ಅದರ ಹೆಸರು ಕುಮಾವ್ ರೆಜಿಮೆಂಟ್ ಎಂದು ಬದಲಾಯಿತು. ಅದರ ಮ್ಯೂಸಿಯಂ ಈಗ ಉತ್ತರಾಖಂಡದ ರಾನೀಖೇತ್‌ನಲ್ಲಿದೆ. ಸ್ವತಂತ್ರ ಭಾರತದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ್ ಶರ್ಮಾ ಇದೇ ರೆಜಿಮೆಂಟಿನವರು. ಹಿಮಾಲಯದ ಕಡೆ ಪ್ರವಾಸ ಹೋಗುವ ನಮ್ಮವರು ಅಲ್ಲಿ ಹೈದರಾಬಾದ್ ಅನ್ನುವ ಹೆಸರು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಕರ್ನಾಟಕದಲ್ಲೇ ನೋಡಬೇಕಾದರೆ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ) ಕೇಂದ್ರ, ಎರಡರಲ್ಲೂ ಮ್ಯೂಸಿಯಂ ಇದೆ. ಎರಡೂ ಸೈನ್ಯದ ಕೇಂದ್ರದ ಒಳಗಿನ ಜಾಗ, ಕೋಟೆಯ ಹಾಗೆ ನಡೆದುಕೊಂಡು ಒಳಗೆ ಹೋಗಲು ಆಗುವುದಿಲ್ಲ. ಮುಂಚೆಯೇ ಪತ್ರ ಬರೆದು ಅನುಮತಿ ಕೇಳಿ. ಯಾರು ಬರುತ್ತೀರಿ, ಎಷ್ಟು ಜನ, ಯಾವ ದಿನ, ಯಾಕೆ, ಇಷ್ಟು ಸಾಕು. ಶಾಲೆ ಕಾಲೇಜಿನ ಮೂಲಕ ಬರೆದರೆ ಇನ್ನೂ ಸುಲಭ. ಎಲ್ಲರ ಆಧಾರ್ ಕಾರ್ಡ್ ಮೂಲ ಪ್ರತಿ ಇರಲಿ. ಗೇಟಿನಲ್ಲಿ ಫೋನ್ ಇಟ್ಟು ಹೋಗಿ ಅಂದರೆ ಇಟ್ಟುಬಿಡಿ.

ಮನೆಯಲ್ಲಿ ಅಜ್ಜನದೋ ಮುತ್ತಜ್ಜನದೋ ಬ್ರಿಟಿಷ್ ಕಾಲದ ಪದಕ ಇದ್ದರೆ ಹೊರಡುವ ಮುಂಚೆ ಅದರ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ಎಷ್ಟೋ ಪದಕಗಳ ಅಂಚಿನಲ್ಲಿ ಸೈನಿಕನ ನಂಬರ್, ಹೆಸರು, ದಳ ಕೆತ್ತಿರುತ್ತಾರೆ. ಹಳೆಯದು ಅಂತ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯಬೇಡಿ, ಆ ಅಕ್ಷರವೇ ಸವೆದುಹೋಗುತ್ತದೆ. ಫೋಟೊ ತೆಗೆದುಕೊಂಡು ಹೋಗಿ ತೋರಿಸಿ. ಯಾವ ದಳದ್ದು ಅಂತ ಹೇಳಬಲ್ಲವರು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಮುಂದಿನ ಭಾನುವಾರಕ್ಕೆ ಕಲಬುರಗಿ

ಬೀದರ್ ನೋಡಿ ಬಂದ ಕಣ್ಣು ಆರುವ ಮುಂಚೆ ಕಲಬುರಗಿ ಕೋಟೆಗೂ ಹೋಗಿ. ಜಾಮಾ ಮಸೀದಿ 1367ರದ್ದು, ತೆರೆದ ಅಂಗಳವೇ ಇಲ್ಲದೆ ಪೂರ್ತಿ ಮಾಡು ಹೊದ್ದ ಅಪರೂಪದ ಕಟ್ಟಡ. ಅದನ್ನು ನೋಡಿ ಬುರುಜು ಹತ್ತಿದರೆ ಬಾರಾ ಗಜಿ, ಅಂದರೆ ಹನ್ನೆರಡು ಗಜದ ತೋಪು ಸಿಗುತ್ತದೆ. ಉದ್ದ 29 ಅಡಿ. ಜಗತ್ತಿನಲ್ಲೇ ಉದ್ದನೆಯದು ಅಂತ ಊರವರ ಮಾತು. ಬೀದರಿನಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಪರೀಕ್ಷೆ ಮಾಡಿ: ಬಳೆ ಎಣಿಸಿ, ಬಾಯಿ ಅಗಲ ಅಳೆಯಿರಿ, ಬತ್ತಿಯ ತೂತು ಹುಡುಕಿ. ಉದ್ದ ಅಳೆಯಲು ಮಾತ್ರ ಮನೆಯ ಚಿಕ್ಕ ಟೇಪು ಸಾಲದು. ಗೌಂಡಿಯವರ ಹತ್ತಿರ ಇರುವ 50 ಅಡಿಯ ಟೇಪು ಕೇಳಿ ತನ್ನಿ, ಹಿಡಿಯಲು ಇಬ್ಬರು ಬೇಕು. ಬಂದ ಅಡಿಗಳನ್ನು ಇಂಚು ಮಾಡಿ ಹನ್ನೆರಡರಿಂದ ಭಾಗಿಸಿದರೆ, ಅದನ್ನು ಮಾಡಿದವರ ಗಜ ಎಷ್ಟು ಉದ್ದ ಇತ್ತು ಅಂತ ತಿಳಿಯುತ್ತದೆ. 29 ಅಡಿ ಸರಿ ಇದ್ದರೆ ಉತ್ತರ 29 ಇಂಚು, ಈಗಿನ 36 ಇಂಚಿನ ಗಜಕ್ಕಿಂತ ಏಳು ಇಂಚು ಗಿಡ್ಡ.